ಗಸಗಸೆಯಷ್ಟು ಉಣುಗು, ಒಂದು ತಿಂಗಳ ಕಾವಲು

ಪ್ರಶ್ನೆ: ನಾನು ಸಾಗರದ ಕಡೆಯವಳು. ಮೇ ತಿಂಗಳಲ್ಲಿ ಅಮೆರಿಕದ ಕನೆಕ್ಟಿಕಟ್‌ನಲ್ಲಿರುವ ಮಗಳ ಮನೆಗೆ ಬಂದಿದ್ದೇನೆ. ಹೋದ ಶನಿವಾರ ಸಂಜೆ ಆರು ವರ್ಷದ ಮೊಮ್ಮಗ ಹಿತ್ತಲಲ್ಲಿ, ಮರಗಳ ಅಂಚಿನಲ್ಲಿ ಆಡಿದ್ದ. ಭಾನುವಾರ ಬೆಳಿಗ್ಗೆ ಸ್ನಾನ ಮಾಡಿಸುವಾಗ ಅವನ ಮಂಡಿಯ ಹಿಂದೆ ಗಸಗಸೆ ಕಾಳಿನಷ್ಟು ಕಪ್ಪು ಚುಕ್ಕೆ ಕಂಡಿತು. ಕೊಳೆ ಅಂತ ಉಜ್ಜಿದೆ, ಹೋಗಲಿಲ್ಲ. ಕನ್ನಡಕ ಹಾಕಿಕೊಂಡು ನೋಡಿದರೆ ಅದಕ್ಕೆ ಕಾಲುಗಳಿದ್ದವು! ಸೀಮೆಎಣ್ಣೆ ಹಚ್ಚೋಣ ಅಂದೆ. ಮಗಳು ಬೇಡ ಅಂತ ಚಿಮಟದಲ್ಲಿ ಕಿತ್ತಳು. ಸೋಮವಾರ ಆ ಜಾಗ ರೂಪಾಯಿ ನಾಣ್ಯದಷ್ಟು ಕೆಂಪಾಗಿತ್ತು. ಡಾಕ್ಟರ್ ನೋಡಿದರು. ಔಷಧಿ ಬೇಡ, ರಕ್ತ ಪರೀಕ್ಷೆಯೂ ಬೇಡ, ಒಂದು ತಿಂಗಳು ಚರ್ಮ ನೋಡುತ್ತಾ ಇರಿ ಅಂದರು. ಮಂಗನ ಕಾಯಿಲೆಯಲ್ಲಿ ಜೀವ ಹೋದದ್ದನ್ನು ಕಣ್ಣಾರೆ ಕಂಡವಳು ನಾನು. ಇವರು ಇಷ್ಟು ಹಗುರವಾಗಿ ತೆಗೆದುಕೊಂಡಿದ್ದು ಸರಿಯಾ? ಇಲ್ಲಿನ ಉಣುಗು ತರುವ ಲೈಮ್ ಕಾಯಿಲೆ ಅಂದರೆ ನಮ್ಮ ಉಣುಗು ತರುವ ಮಂಗನ ಕಾಯಿಲೆ ತರಹದ್ದೇನಾ?

ಉತ್ತರ: ಅಮ್ಮ, ಮೊದಲು ನೆಮ್ಮದಿಯ ಮಾತು. ಆ ಡಾಕ್ಟರ್ ಹಗುರವಾಗಿ ತೆಗೆದುಕೊಂಡಿಲ್ಲ. ಲೆಕ್ಕ ಹಾಕಿಯೇ ಹೇಳಿದ್ದಾರೆ. ಆ ಲೆಕ್ಕ ಏನು ಅಂತ ನಿಮಗೆ ಬಿಡಿಸಿ ಹೇಳಲಿಲ್ಲ, ಅಷ್ಟೇ. ನಾನೂ ಮಲೆನಾಡಿನವನೇ. ಉಣುಗು ಅಂದ ಕೂಡಲೇ ಸೊರಬ, ಸಾಗರದ ಕಡೆಯವರ ಎದೆ ಯಾಕೆ ಧಸಕ್ ಅನ್ನುತ್ತದೆ ಅಂತ ಗೊತ್ತು. ಆದರೆ ಲೈಮ್ ವಿಷಯದಲ್ಲಿ ಕೇಳಬೇಕಾದ ಮೊದಲ ಪ್ರಶ್ನೆ ‘ಉಣುಗು ಕಚ್ಚಿತಾ’ ಅಂತಲ್ಲ, ‘ಎಷ್ಟು ಹೊತ್ತು ಕಚ್ಚಿಕೊಂಡಿತ್ತು’ ಅಂತ.

ಯಾಕೆ ಅಂದರೆ, ಲೈಮ್ ತರುವುದು ವೈರಸ್ ಅಲ್ಲ, ಒಂದು ಬ್ಯಾಕ್ಟೀರಿಯಾ. ಬೊರೀಲಿಯಾ ಬರ್ಗ್‌ಡೊರ್ಫೆರಿ ಅಂತ ಅದರ ಹೆಸರು, ಸ್ಪ್ರಿಂಗಿನ ಹಾಗೆ ಸುರುಳಿ ಸುರುಳಿಯಾಗಿರುತ್ತದೆ. ಹಸಿದ ಉಣುಗಿನೊಳಗೆ ಅದು ಇರುವುದು ಕರುಳಿನಲ್ಲಿ, ಜೊಲ್ಲಿನಲ್ಲಲ್ಲ. ಉಣುಗು ಕಚ್ಚಿ ರಕ್ತ ಎಳೆಯಲು ಶುರು ಮಾಡಿದ ಮೇಲೆ, ಬೆಚ್ಚಗಿನ ರಕ್ತ ಹೊಟ್ಟೆಗೆ ಬಿದ್ದಾಗ, ಈ ಬ್ಯಾಕ್ಟೀರಿಯಾ ಎಚ್ಚರವಾಗುತ್ತದೆ. ಮೈಮೇಲಿನ ಪ್ರೋಟೀನಿನ ಅಂಗಿ ಬದಲಿಸುತ್ತದೆ, ಸಂಖ್ಯೆಯಲ್ಲಿ ಹೆಚ್ಚುತ್ತದೆ, ಕರುಳು ಬಿಟ್ಟು ಜೊಲ್ಲಿನ ಗ್ರಂಥಿಗೆ ಹೊರಡುತ್ತದೆ. ಅಲ್ಲಿಂದ ಮನುಷ್ಯನ ಚರ್ಮಕ್ಕೆ. ಈ ಪ್ರಯಾಣಕ್ಕೆ ಸಾಮಾನ್ಯವಾಗಿ 24 ಗಂಟೆಗಿಂತ ಜಾಸ್ತಿ ಹೊತ್ತು ಬೇಕು. ನಿಮ್ಮ ಮೊಮ್ಮಗನ ವಿಷಯದಲ್ಲಿ ಶನಿವಾರ ಸಂಜೆಯಿಂದ ಭಾನುವಾರ ಬೆಳಿಗ್ಗೆಗೆ ಹದಿನೈದು, ಹದಿನಾರು ಗಂಟೆ ಆಗಿರಬಹುದು. ಅಂದರೆ ನೀವು ಸ್ನಾನ ಮಾಡಿಸಿದ್ದೇ ದೊಡ್ಡ ಔಷಧಿ ಆಯಿತು.

ಒಂದು ಅನುಮಾನ ಮಾತ್ರ ನಿವಾರಿಸಿಕೊಳ್ಳಿ. ಹುಡುಗ ಶುಕ್ರವಾರವೂ ಅಲ್ಲೇ ಆಡಿದ್ದನಾ? ಉಣುಗು ಹತ್ತಿದ್ದು ಯಾವಾಗ ಅಂತ ನಾವು ಹೇಳುವ ಲೆಕ್ಕ ಎಷ್ಟೋ ಸಲ ತಪ್ಪಿರುತ್ತದೆ. ಮಕ್ಕಳು ನೋವು ಅಂತ ಹೇಳುವುದೂ ಇಲ್ಲ, ಯಾಕೆಂದರೆ ಉಣುಗಿನ ಜೊಲ್ಲಿನಲ್ಲೇ ನೋವು ಗೊತ್ತಾಗದಂತೆ ಮಾಡುವ ಅಂಶಗಳಿವೆ. ಹಾಗಾಗಿ ಡಾಕ್ಟರುಗಳು ಉಣುಗಿನ ಹೊಟ್ಟೆ ನೋಡುತ್ತಾರೆ. ಚಪ್ಪಟೆಯಾಗಿದ್ದರೆ ರಕ್ತ ಕುಡಿದಿಲ್ಲ, ಅಥವಾ ಈಗಷ್ಟೇ ಶುರು ಮಾಡಿದೆ. ಉಬ್ಬಿ, ಬೂದು ಬಣ್ಣಕ್ಕೆ ತಿರುಗಿದ್ದರೆ ದಿನಗಟ್ಟಲೆ ಕೂತಿತ್ತು ಅಂತ ಅರ್ಥ. ಚಿಕ್ಕವನಿದ್ದಾಗ ಕೊಟ್ಟಿಗೆಯಲ್ಲಿ ಅಜ್ಜಿ ದನದ ಕಿವಿಯಿಂದ ಉಣುಗು ಕಿತ್ತು ಒಲೆಯ ಕೆಂಡಕ್ಕೆ ಹಾಕುವುದನ್ನು ನೋಡಿದ್ದೆ. ಹೊಟ್ಟೆ ತುಂಬಿದ್ದು ಚಟ್ ಅಂತ ಸಿಡಿಯುತ್ತಿತ್ತು, ಹಸಿದಿದ್ದು ಸದ್ದಿಲ್ಲದೆ ಸುಡುತ್ತಿತ್ತು. ಹೊಟ್ಟೆ ನೋಡಿ ಹೊತ್ತು ಹೇಳುವ ವಿದ್ಯೆ ನನಗೆ ಅಲ್ಲಿಂದಲೇ ಬಂದದ್ದು. ನಿಮ್ಮ ‘ಗಸಗಸೆ ಕಾಳಿನಷ್ಟು’ ಅನ್ನುವ ಮಾತು ಕೇಳಿದರೆ ಅದು ಹಸಿದ ಉಣುಗೇ ಅನ್ನಿಸುತ್ತದೆ.

ಮಾತ್ರೆ ಯಾಕೆ ಕೊಡಲಿಲ್ಲ ಅನ್ನುವುದಕ್ಕೂ ಉತ್ತರ ಇದರಲ್ಲೇ ಇದೆ. ಲೈಮ್ ಬರದಂತೆ ತಡೆಯಲು ಡಾಕ್ಸಿಸೈಕ್ಲಿನ್ ಅನ್ನುವ ಆಂಟಿಬಯೋಟಿಕ್ ಒಂದೇ ಒಂದು ಡೋಸ್ ಕೊಡುವ ಪದ್ಧತಿ ಇದೆ. ದೊಡ್ಡವರಿಗೆ 200 ಮಿಲಿಗ್ರಾಂ, ಮಕ್ಕಳಿಗೆ ತೂಕ ನೋಡಿ. ಆದರೆ ಅದಕ್ಕೆ ಷರತ್ತುಗಳಿವೆ. ಲೈಮ್ ಹರಡುವ ಜಾತಿಯ ಉಣುಗೇ ಆಗಿರಬೇಕು, ಆ ಕಾಯಿಲೆ ಜಾಸ್ತಿ ಇರುವ ಪ್ರದೇಶದಲ್ಲಿ ಕಚ್ಚಿರಬೇಕು, ಕನಿಷ್ಠ 36 ಗಂಟೆ ಕಚ್ಚಿಕೊಂಡಿರಬೇಕು, ಕಿತ್ತ 72 ಗಂಟೆಯೊಳಗೆ ಡೋಸ್ ಕೊಡಬೇಕು. ಮೊದಲ ಎರಡು ನಿಮ್ಮ ಮೊಮ್ಮಗನಿಗೆ ಅನ್ವಯಿಸಬಹುದು, ಮೂರನೆಯದು ಅನ್ವಯಿಸುವುದಿಲ್ಲ. ‘ಇರಲಿ ಅಂತ ಒಂದು ಮಾತ್ರೆ ಕೊಟ್ಟಿದ್ದರೆ ಏನಾಗುತ್ತಿತ್ತು’ ಅಂತ ನಮ್ಮ ಕಡೆ ಕೇಳುವುದು ರೂಢಿ. ಅಲ್ಲಿ ಬೇಸಿಗೆಯಲ್ಲಿ ಮಕ್ಕಳಿಗೆ ಹೀಗೆ ಪದೇ ಪದೇ ಉಣುಗು ಹತ್ತುತ್ತದೆ. ಪ್ರತಿ ಸಲವೂ ‘ಇರಲಿ’ ಅಂದರೆ ಲೆಕ್ಕ ಎಲ್ಲಿಗೆ ಹೋಗುತ್ತದೆ ನೋಡಿ.

ಇನ್ನು ರಕ್ತ ಪರೀಕ್ಷೆ. ಇದು ಬ್ಯಾಕ್ಟೀರಿಯಾವನ್ನೇ ಹುಡುಕುವ ಪರೀಕ್ಷೆ ಅಲ್ಲ. ನಮ್ಮ ಮೈ ಅದರ ವಿರುದ್ಧ ತಯಾರಿಸಿದ ಆಂಟಿಬಾಡಿಯನ್ನು ಹುಡುಕುತ್ತದೆ. ಆಂಟಿಬಾಡಿ ತಯಾರಾಗಲು ಕೆಲವು ವಾರ ಬೇಕು. ಕಚ್ಚಿದ ಮರುದಿನ ರಕ್ತ ಕೊಟ್ಟರೆ, ನಿಜವಾಗಿ ಸೋಂಕು ತಗುಲಿದ್ದರೂ ನೆಗೆಟಿವ್ ಅಂತಲೇ ಬರುತ್ತದೆ. ನಾಟಿ ಮಾಡಿದ ಮರುದಿನ ಗದ್ದೆಗೆ ಹೋಗಿ ತೆನೆ ಹುಡುಕಿದ ಹಾಗೆ. ಆ ನೆಗೆಟಿವ್ ಚೀಟಿ ಹಿಡಿದು ನೀವು ನಿಶ್ಚಿಂತೆಯಿಂದ ಕೂತುಬಿಟ್ಟರೆ ಅದೇ ಅಪಾಯ. ಹಾಗಾಗಿಯೇ ರಕ್ತ ಬೇಡ, ಚರ್ಮ ನೋಡಿ ಅಂದಿದ್ದು.

ಹಾಗಾದರೆ ಚರ್ಮದಲ್ಲಿ ಏನು ನೋಡಬೇಕು? ಇಲ್ಲಿ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಯಾಕೆಂದರೆ ಮುಂದಿನ ಒಂದು ತಿಂಗಳು ನಿಮ್ಮ ಕೆಲಸ ಇದೇ.

ಸೋಮವಾರ ನೀವು ಕಂಡ ನಾಣ್ಯದಷ್ಟು ಕೆಂಪು ಲೈಮ್‌ನ ಗುರುತಲ್ಲ. ಕಚ್ಚಿದ ಒಂದೆರಡು ದಿನದಲ್ಲೇ ಬಂದು, ತುರಿಸಿ, ಇನ್ನೆರಡು ದಿನದಲ್ಲಿ ಹೋಗುವ ಕೆಂಪು ಉಣುಗಿನ ಜೊಲ್ಲಿಗೆ ಚರ್ಮ ತೋರಿಸುವ ಸಿಟ್ಟು, ಅಷ್ಟೇ. ಸೊಳ್ಳೆ ಕಚ್ಚಿದರೆ ಆಗುವುದಿಲ್ಲವಾ, ಹಾಗೆ. ಲೈಮ್‌ನ ಗುರುತು ತಡವಾಗಿ ಬರುತ್ತದೆ. ಕಚ್ಚಿದ 3 ದಿನದಿಂದ 30 ದಿನದೊಳಗೆ, ಹೆಚ್ಚಾಗಿ ಒಂದು ವಾರದ ಆಸುಪಾಸಿನಲ್ಲಿ. ಅದರ ಸ್ವಭಾವ ಹರಡುವುದು. ಇವತ್ತು ಇಷ್ಟಿದ್ದದ್ದು ನಾಡಿದ್ದು ಅಷ್ಟಾಗುತ್ತದೆ. ಪಾನಿಪೂರಿಯ ಪೂರಿಗಿಂತ, ಅಂದರೆ ಸುಮಾರು 5 ಸೆಂಟಿಮೀಟರಿಗಿಂತ ದೊಡ್ಡದಾಗಿ ಬೆಳೆಯುತ್ತಾ ಹೋದರೆ ಅನುಮಾನ ಬಲವಾಗುತ್ತದೆ. ಕೆಲವರಲ್ಲಿ ಊಟದ ತಟ್ಟೆಯಷ್ಟೂ ಆಗುತ್ತದೆ. ಮುಟ್ಟಿದರೆ ಬೆಚ್ಚಗಿರಬಹುದು. ಸಾಮಾನ್ಯವಾಗಿ ತುರಿಕೆ ಇಲ್ಲ, ನೋವೂ ಇಲ್ಲ. ಅದಕ್ಕೇ ಬೆನ್ನಿನಲ್ಲೋ ತಲೆಗೂದಲಿನೊಳಗೋ ಬಂದರೆ ಯಾರಿಗೂ ಗೊತ್ತಾಗದೆ ಹೋಗುತ್ತದೆ.

ಮಗಳು ನಿಮಗೆ ಫೋನಿನಲ್ಲಿ ಬಿಳಿ ಚರ್ಮದ ಮೇಲೆ ಬಿಲ್ಲುಗಾರಿಕೆಯ ಗುರಿಫಲಕದ ಹಾಗೆ ಉಂಗುರ ಉಂಗುರವಾದ ಚಿತ್ರ ತೋರಿಸಿರಬಹುದು. ಅದನ್ನೇ ಕಾಯುತ್ತಾ ಕೂರಬೇಡಿ. ತುಂಬಾ ಜನರಲ್ಲಿ ಉಂಗುರವೇ ಇರುವುದಿಲ್ಲ, ಒಂದೇ ಸಮ ಕೆಂಪಗಿರುತ್ತದೆ. ಅದಕ್ಕಿಂತ ಮುಖ್ಯವಾದ ಮಾತು ಇನ್ನೊಂದಿದೆ. ಆ ಚಿತ್ರಗಳಲ್ಲಿ ಹೆಚ್ಚಿನವು ಬಿಳಿಯರ ಚರ್ಮದ್ದು. ನಮ್ಮಂಥ ಕಂದು ಮೈಬಣ್ಣದಲ್ಲಿ ಅದು ಕೆಂಪಗೇ ಕಾಣಬೇಕೆಂದಿಲ್ಲ. ಬಿದ್ದು ಕಂದಿದ ಹಾಗೆ, ನೇರಳೆ ಛಾಯೆಯಲ್ಲಿ, ಅಥವಾ ಚರ್ಮ ಸ್ವಲ್ಪ ಕಪ್ಪಾದ ಹಾಗೆ ಮಾತ್ರ ಕಾಣಬಹುದು. ಹುಡುಗ ಎಲ್ಲೋ ಬಿದ್ದುಕೊಂಡಿದ್ದಾನೆ ಅಂತ ಬಿಟ್ಟುಬಿಡುವ ಸಾಧ್ಯತೆ ಇದೆ. ಬಾಲ್‌ಪೆನ್ನಿನಲ್ಲಿ ಅಂಚಿನ ಸುತ್ತ ಗೆರೆ ಎಳೆಯಿರಿ, ಪಕ್ಕದಲ್ಲಿ ತಾರೀಕು ಬರೆಯಿರಿ, ಒಂದು ನಾಣ್ಯ ಇಟ್ಟು ಹಗಲು ಬೆಳಕಿನಲ್ಲಿ ಫೋಟೋ ತೆಗೆಯಿರಿ. ಗೆರೆ ದಾಟಿ ಹರಡಿತೋ, ಮಾರನೆಯ ದಿನ ಅಂತ ಕಾಯದೆ ಡಾಕ್ಟರಿಗೆ ತೋರಿಸಿ.

ಆಗ ಅವರು ರಕ್ತ ಪರೀಕ್ಷೆಗೂ ಕಾಯುವುದಿಲ್ಲ. ಗುರುತು ನೋಡಿಯೇ ಚಿಕಿತ್ಸೆ ಶುರು ಮಾಡುತ್ತಾರೆ. 10 ರಿಂದ 14 ದಿನ ಡಾಕ್ಸಿಸೈಕ್ಲಿನ್ ಅಥವಾ ಅಮಾಕ್ಸಿಸಿಲಿನ್, ಮುಗಿಯಿತು. ಚಿಕ್ಕ ಮಕ್ಕಳಿಗೆ ಡಾಕ್ಸಿಸೈಕ್ಲಿನ್ ಕೊಟ್ಟರೆ ಹಲ್ಲಿನ ಬಣ್ಣ ಕೆಡುತ್ತದೆ ಅಂತ ಹಿಂದೆ ಹೆದರುತ್ತಿದ್ದರು. ಕೆಲವು ದಿನದ ಮಟ್ಟಿಗೆ ಕೊಟ್ಟರೆ ಆ ಭಯ ಬೇಕಿಲ್ಲ ಅನ್ನುವುದು ಈಗಿನ ತಿಳುವಳಿಕೆ.

ಎಲ್ಲರಿಗೂ ಗುರುತು ಬಂದೇ ಬರುತ್ತದಾ? ಇಲ್ಲ. ಸೋಂಕು ತಗುಲಿದ 100 ಜನರಲ್ಲಿ 70ಕ್ಕಿಂತ ಜಾಸ್ತಿ ಜನರಿಗೆ ಬರುತ್ತದೆ, ಉಳಿದವರಿಗೆ ಬರುವುದಿಲ್ಲ ಅಥವಾ ಕಾಣುವುದಿಲ್ಲ. ಹಾಗಾಗಿ ಈ ತಿಂಗಳಲ್ಲಿ ಕಾರಣವಿಲ್ಲದೆ ಜ್ವರ, ಚಳಿ, ತಲೆನೋವು, ಮೈಕೈ ನೋವು ಬಂದರೂ ತೋರಿಸಿ. ನೆಗಡಿ, ಕೆಮ್ಮು ಇಲ್ಲದ ಬೇಸಿಗೆಯ ಜ್ವರ ಅಲ್ಲಿ ಉಣುಗಿನ ಜ್ವರ ಆಗಿರಬಹುದು. ಅದೇ ಉಣುಗು ಬಬೀಸಿಯಾ, ಅನಾಪ್ಲಾಸ್ಮಾ ಅನ್ನುವ ಬೇರೆ ಸೋಂಕನ್ನೂ ತರುತ್ತದೆ. ಲೈಮ್ ಅನ್ನು ಹಾಗೇ ಬಿಟ್ಟರೆ ವಾರಗಳ, ತಿಂಗಳುಗಳ ನಂತರ ಮುಖದ ಒಂದು ಬದಿ ಸೊಟ್ಟ ಆಗಬಹುದು, ಹೃದಯದ ಬಡಿತದ ಲಯ ತಪ್ಪಬಹುದು, ಮಂಡಿ ತೆಂಗಿನಕಾಯಿಯ ಹಾಗೆ ಊದಿಕೊಳ್ಳಬಹುದು. ಇವಕ್ಕೂ ಆಂಟಿಬಯೋಟಿಕ್ ಇದೆ. ಕೆಲವರಿಗೆ ಚಿಕಿತ್ಸೆಯ ನಂತರವೂ ತಿಂಗಳುಗಟ್ಟಲೆ ಸುಸ್ತು, ನೋವು ಉಳಿಯುತ್ತದೆ ಅನ್ನುವುದು ನಿಜ. ಅದಕ್ಕೆ ವರ್ಷಗಟ್ಟಲೆ ಆಂಟಿಬಯೋಟಿಕ್ ಡ್ರಿಪ್ ಹಾಕುತ್ತೇವೆ ಅನ್ನುವವರು ಇದ್ದಾರೆ. ಅದರಿಂದ ಉಪಯೋಗವಿಲ್ಲ, ಅಪಾಯ ಇದೆ ಅಂತ ಅಧ್ಯಯನಗಳು ತೋರಿಸಿವೆ. ರಾತ್ರಿ ಹೊತ್ತು ಇಂಟರ್‌ನೆಟ್‌ನಲ್ಲಿ ಆ ಕಡೆ ಹೋಗಬೇಡ ಅಂತ ಮಗಳಿಗೆ ಹೇಳಿ.

ಈಗ ನಿಮ್ಮ ಎರಡನೆಯ ಪ್ರಶ್ನೆ. ಮಂಗನ ಕಾಯಿಲೆಗೂ ಲೈಮ್‌ಗೂ ಏನು ನಂಟು?

ಕಾಯಿಲೆ ಬೇರೆ, ಕಥೆ ಒಂದೇ ತರಹದ್ದು. ಎರಡೂ ಊರಿನ ಹೆಸರು ಹೊತ್ತಿವೆ. ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿ, ಜನರಿಗೂ ಜ್ವರ ಬಂದು, 1957ರಲ್ಲಿ ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ವೈರಸ್ ಪತ್ತೆ ಮಾಡಿದರು. ಅದಕ್ಕೇ ಕ್ಯಾಸನೂರು ಕಾಡಿನ ಕಾಯಿಲೆ, ಕೆಎಫ್‌ಡಿ. ಲೈಮ್ ಅನ್ನುವುದು ನಿಂಬೆಹಣ್ಣಿನ ಲೈಮ್ ಅಲ್ಲ. ನೀವು ಈಗ ಇರುವ ಕನೆಕ್ಟಿಕಟ್‌ನದೇ ಒಂದು ಊರು. ಅಲ್ಲಿ ಪಾಲಿ ಮರ್ರೆ ಅನ್ನುವ ತಾಯಿ ಇದ್ದರು. ಅವರ ಮನೆಯಲ್ಲೂ ಅಕ್ಕಪಕ್ಕದಲ್ಲೂ ಮಕ್ಕಳಿಗೆ ಮಂಡಿ ಊತ. ಮಕ್ಕಳ ಸಂಧಿವಾತ ಅಪರೂಪದ ಕಾಯಿಲೆ, ಇಷ್ಟು ಚಿಕ್ಕ ಊರಲ್ಲಿ ಇಷ್ಟು ಜನಕ್ಕೆ ಹೇಗೆ ಅಂತ ಅವರು ಬಿಡದೆ ಕೇಳಿದರು. 1975ರಲ್ಲಿ ಅವರೂ ಇನ್ನೊಬ್ಬ ತಾಯಿಯೂ ಆರೋಗ್ಯ ಇಲಾಖೆಗೆ ದೂರು ಕೊಟ್ಟ ಮೇಲೆ ಯೇಲ್ ವಿಶ್ವವಿದ್ಯಾಲಯದ ಅಲೆನ್ ಸ್ಟೀರ್ ಬಂದು ಹುಡುಕಿದರು. ಲೈಮ್, ಓಲ್ಡ್ ಲೈಮ್, ಈಸ್ಟ್ ಹ್ಯಾಡಮ್, ಈ ಮೂರು ಊರುಗಳಲ್ಲಿ 39 ಮಕ್ಕಳು, 12 ದೊಡ್ಡವರು ಸಿಕ್ಕರು. ಕಾರಣ ಹೊಳೆದದ್ದು ಇನ್ನೂ ತಡವಾಗಿ. ವಿಲ್ಲಿ ಬರ್ಗ್‌ಡಾರ್ಫರ್ ಅನ್ನುವ ವಿಜ್ಞಾನಿ ಬೇರೇನನ್ನೋ ಹುಡುಕುತ್ತಾ ಉಣುಗಿನ ಕರುಳು ಬಿಡಿಸಿದಾಗ ಈ ಸುರುಳಿ ಹುಳುಗಳು ಕಂಡವು. 1982ರಲ್ಲಿ ಅದು ಪ್ರಕಟವಾಯಿತು, ಬ್ಯಾಕ್ಟೀರಿಯಾಕ್ಕೆ ಅವರದೇ ಹೆಸರು ಬಂತು. ‘ಹಗುರವಾಗಿ ತೆಗೆದುಕೊಂಡರಾ’ ಅಂತ ನೀವು ಕೇಳಿದ ಹಾಗೆ ಅವತ್ತು ಆ ತಾಯಂದಿರು ಕೇಳಿದ್ದರಿಂದಲೇ ಇದೆಲ್ಲ ಗೊತ್ತಾದದ್ದು.

ಇನ್ನೊಂದು ಹೋಲಿಕೆ ನನಗೆ ಯಾವಾಗಲೂ ಕುತೂಹಲದ್ದು. ಅಮೆರಿಕದಲ್ಲಿ ಜನ ಬೈಯುವುದು ಜಿಂಕೆಯನ್ನು. ಆ ಉಣುಗಿಗೆ ಜಿಂಕೆ ಉಣುಗು ಅಂತಲೇ ಹೆಸರು. ಆದರೆ ಲೈಮ್ ಬ್ಯಾಕ್ಟೀರಿಯಾ ಜಿಂಕೆಯಿಂದ ಬರುವುದಿಲ್ಲ. ಹೆಚ್ಚಾಗಿ ಬರುವುದು ಬಿಳಿ ಪಾದದ ಒಂದು ಪುಟ್ಟ ಕಾಡಿಲಿಯಿಂದ. ಮೊಟ್ಟೆಯೊಡೆದ ಮರಿ ಉಣುಗಿಗೆ ಆರೇ ಕಾಲು, ಅದರಲ್ಲಿ ಲೈಮ್ ಇರುವುದಿಲ್ಲ. ಅದು ಮೊದಲ ಊಟಕ್ಕೆ ಆ ಇಲಿಯನ್ನು ಹತ್ತಿದಾಗ ಬ್ಯಾಕ್ಟೀರಿಯಾ ಒಳಗೆ ಹೋಗುತ್ತದೆ. ಮಾರನೆಯ ವರ್ಷ ಎಂಟು ಕಾಲಿನ, ಗಸಗಸೆ ಗಾತ್ರದ ಎಳೆ ಉಣುಗಾಗಿ ಎರಡನೆಯ ಊಟಕ್ಕೆ ಬಂದಾಗ ನಿಮ್ಮ ಮೊಮ್ಮಗನಂಥವರು ಸಿಗುತ್ತಾರೆ. ಜಿಂಕೆ ಬೇಕಾಗುವುದು ಬಲಿತ ಉಣುಗಿನ ಕೊನೆಯ ಊಟಕ್ಕೆ, ಮೊಟ್ಟೆ ಇಡುವ ಮೊದಲು. ನಮ್ಮಲ್ಲಿ ಆ ಜಾಗದಲ್ಲಿ ಇರುವುದು ದನ. ಮಂಗನ ಕಾಯಿಲೆಯ ವೈರಸ್ ದನದ ಮೈಯಲ್ಲಿ ಹೆಚ್ಚುವುದಿಲ್ಲ, ಆದರೆ ಕಾಡಿಗೆ ಮೇಯಲು ಹೋದ ದನ ಬಲಿತ ಉಣುಗಿಗೆ ಊಟ ಹಾಕಿ ಅದರ ಸಂತಾನ ಬೆಳೆಸುತ್ತದೆ.

ವ್ಯತ್ಯಾಸ ದೊಡ್ಡದು. ಮಂಗನ ಕಾಯಿಲೆ ವೈರಸ್‌ನದು. ಅದಕ್ಕೆ ನೇರ ಔಷಧಿ ಇಲ್ಲ. ಕಚ್ಚಿದ 3 ರಿಂದ 8 ದಿನದಲ್ಲಿ ಧಿಡೀರ್ ಅಂತ ಜ್ವರ ಏರುತ್ತದೆ, 100ರಲ್ಲಿ ಮೂರರಿಂದ ಐದು ಜನ ಉಳಿಯುವುದಿಲ್ಲ. ಅಲ್ಲಿ ‘ಇನ್ನೂ 24 ಗಂಟೆ ಆಗಿಲ್ಲ’ ಅನ್ನುವ ನೆಮ್ಮದಿಯನ್ನು ನಾನು ಯಾರಿಗೂ ಕೊಡುವುದಿಲ್ಲ. ಅದೇ ವೈರಸ್ ಕುಟುಂಬದ ಪೊವಾಸನ್ ಅನ್ನುವುದು ಅಮೆರಿಕದಲ್ಲೂ ಇದೆ, ತುಂಬಾ ಅಪರೂಪ. ಉಣುಗು ಕಚ್ಚಿದ ಕಾಲು ಗಂಟೆಯಲ್ಲೇ ಅದು ನಮ್ಮ ಮೈಗೆ ದಾಟಬಲ್ಲದು. ಲೈಮ್‌ನಲ್ಲಿ ಸಾವು ತೀರಾ ವಿರಳ, ಔಷಧಿ ಇದೆ, ಸಮಯವೂ ಇದೆ. ನಿಮ್ಮ ಭಯಕ್ಕೆ ಕಾರಣ ಸಾಗರದ್ದು, ಕನೆಕ್ಟಿಕಟ್‌ನದಲ್ಲ.

ಹಾಗಂತ ಸುಮ್ನೆ ಇರಬೇಡಿ. ಅಮೆರಿಕದಲ್ಲಿ 2023ರಲ್ಲಿ ವರದಿಯಾದ ಲೈಮ್ ಪ್ರಕರಣಗಳೇ 89,000ಕ್ಕಿಂತ ಜಾಸ್ತಿ. ಮೇ ತಿಂಗಳಿಂದ ಜುಲೈವರೆಗೆ ಗಸಗಸೆ ಉಣುಗಿನ ಕಾಲ. ಅಕ್ಟೋಬರ್, ನವೆಂಬರಿನಲ್ಲಿ ಎಳ್ಳು ಕಾಳಿನಷ್ಟಿರುವ ಬಲಿತ ಉಣುಗು ಬರುತ್ತದೆ. ಅಷ್ಟು ಹೊತ್ತಿಗೆ ಅಲ್ಲಿ ಎಲೆ ಉದುರಿ ರಾಶಿ ಬೀಳುತ್ತದೆ, ಮಕ್ಕಳು ಅದರ ಮೇಲೆ ಹಾರಿ ಬೀಳುತ್ತಾರೆ. ಕೊಟ್ಟಿಗೆಗೆ ತರಗೆಲೆ ಗುಡಿಸಲು ಕಾಡಿಗೆ ಹೋದ ಹೆಂಗಸರಿಗೇ ನಮ್ಮಲ್ಲಿ ಉಣುಗು ಜಾಸ್ತಿ ಹತ್ತುವುದು ಅಂತ ನಿಮಗೆ ಹೇಳಬೇಕಾಗಿಲ್ಲ.

ಉಣುಗು ಹಾರುವುದಿಲ್ಲ, ಮರದಿಂದ ಉದುರುವುದೂ ಇಲ್ಲ. ಹುಲ್ಲಿನ ತುದಿಯಲ್ಲಿ ಮುಂಗಾಲು ಚಾಚಿ ಕೂತಿರುತ್ತದೆ, ತಾಗಿದವರಿಗೆ ಅಂಟಿಕೊಂಡು ಮೇಲೆ ಹತ್ತುತ್ತದೆ. ಹಾಗಾಗಿ ಪ್ಯಾಂಟನ್ನು ಸಾಕ್ಸಿನೊಳಗೆ ತುರುಕುವುದು ನೋಡಲು ತಮಾಷೆ, ಕೆಲಸಕ್ಕೆ ಬರುತ್ತದೆ. ನಮ್ಮಲ್ಲಿ ಉಣುಗು ಹತ್ತದಂತೆ ಹಚ್ಚಿಕೊಳ್ಳಲು ಆರೋಗ್ಯ ಇಲಾಖೆ ಹಂಚುವ ಡೆಪಾ ಎಣ್ಣೆಯ ಹಾಗೆ ಅಲ್ಲಿ ಡೀಟ್, ಪಿಕಾರಿಡಿನ್ ಇರುವ ಸ್ಪ್ರೇ ಸಿಗುತ್ತದೆ, ಚರ್ಮಕ್ಕೆ ಹಚ್ಚಬಹುದು. ಪರ್ಮೆಥ್ರಿನ್ ಅನ್ನುವ ಸ್ಪ್ರೇ ಬಟ್ಟೆಗೆ, ಬೂಟಿಗೆ ಮಾತ್ರ, ಮೈಗಲ್ಲ. ಮನೆಯಲ್ಲಿ ಬೆಕ್ಕಿದ್ದರೆ ಈ ಸ್ಪ್ರೇ ಪೂರ್ತಿ ಒಣಗುವ ತನಕ ಅದನ್ನು ದೂರ ಇಡಿ, ಹಸಿಯಿದ್ದಾಗ ಬೆಕ್ಕಿಗೆ ಅದು ವಿಷ. ಹೊರಗೆ ಹಾಕಿದ ಬಟ್ಟೆಯನ್ನು ಒಗೆಯುವ ಮೊದಲೇ ಡ್ರೈಯರಿನಲ್ಲಿ ಜೋರು ಬಿಸಿಗೆ 10 ನಿಮಿಷ ಹಾಕಿ. ಉಣುಗು ನೀರಿಗೆ ಅಷ್ಟಾಗಿ ಜಗ್ಗುವುದಿಲ್ಲ, ಒಣ ಬಿಸಿಗೆ ಸಾಯುತ್ತದೆ.

ಎಲ್ಲಕ್ಕಿಂತ ಮೇಲು ನೀವು ಈಗಾಗಲೇ ಮಾಡುತ್ತಿರುವ ಕೆಲಸ. ಆಟ ಮುಗಿಸಿ ಬಂದ ಎರಡು ಗಂಟೆಯೊಳಗೆ ಸ್ನಾನ, ಸ್ನಾನದಲ್ಲಿ ಮೈಯೆಲ್ಲ ಕೈಯಾಡಿಸುವುದು. ಕಂಕುಳು, ತೊಡೆಸಂದು, ಹೊಕ್ಕುಳು, ಸೊಂಟದ ಪಟ್ಟಿ, ಕಿವಿಯ ಹಿಂದೆ, ಕೂದಲಿನ ಬುಡ, ಮಂಡಿಯ ಹಿಂದೆ. ಕಣ್ಣಿಗೆ ತಪ್ಪಿದ್ದು ಬೆರಳಿಗೆ ಸಿಗುತ್ತದೆ.

ಸೀಮೆಎಣ್ಣೆಯ ವಿಷಯಕ್ಕೆ ಬೇಜಾರು ಮಾಡಿಕೊಳ್ಳಬೇಡಿ, ಮಗಳು ಮಾಡಿದ್ದೇ ಸರಿ. ಸೀಮೆಎಣ್ಣೆ, ಸುಣ್ಣ, ಬೆಂಕಿಕಡ್ಡಿಯ ಬಿಸಿ, ಉಗುರು ಬಣ್ಣ ಯಾವುದೂ ಬೇಡ. ಉಣುಗು ಕಿರಿಕಿರಿಯಾಗಿ ಹೊಟ್ಟೆಯಲ್ಲಿದ್ದದ್ದನ್ನು ಚರ್ಮದೊಳಗೆ ಕಕ್ಕಬಹುದು. ಚೂಪು ತುದಿಯ ಚಿಮಟದಲ್ಲಿ ಚರ್ಮಕ್ಕೆ ಆದಷ್ಟು ಹತ್ತಿರ, ಅದರ ಬಾಯಿಯ ಬಳಿ ಹಿಡಿದು, ತಿರುಚದೆ, ಹೊಟ್ಟೆ ಹಿಸುಕದೆ, ನೇರ ಮೇಲಕ್ಕೆ ನಿಧಾನವಾಗಿ ಎಳೆಯಬೇಕು. ಬಾಯಿಯ ಚೂರು ಒಳಗೆ ಉಳಿದರೆ ಸೂಜಿ ಹಾಕಿ ಕೆದಕಬೇಡಿ, ಚರ್ಮ ತಾನಾಗಿ ಹೊರಗೆ ಹಾಕುತ್ತದೆ. ಸೋಪು ನೀರಿನಲ್ಲಿ ತೊಳೆಯಿರಿ. ಕಿತ್ತ ಉಣುಗನ್ನು ಸೆಲ್ಲೋಟೇಪಿಗೆ ಅಂಟಿಸಿ ತಾರೀಕು ಬರೆದಿಡಿ. ಮುಂದೆ ಡಾಕ್ಟರಿಗೆ ಜಾತಿ ಗುರುತಿಸಲು, ಹೊಟ್ಟೆ ನೋಡಲು ಬೇಕಾಗುತ್ತದೆ. ಆ ರಾಜ್ಯದ ಕೃಷಿ ಪ್ರಯೋಗ ಕೇಂದ್ರ ಉಣುಗನ್ನು ಪರೀಕ್ಷೆ ಮಾಡಿಯೂ ಕೊಡುತ್ತದೆ. ಆದರೆ ಉಣುಗಿನಲ್ಲಿ ಬ್ಯಾಕ್ಟೀರಿಯಾ ಇತ್ತು ಅಂದ ಮಾತ್ರಕ್ಕೆ ಅದು ಹುಡುಗನಿಗೆ ದಾಟಿದೆ ಅಂತಲ್ಲ. ಆ ವರದಿ ನೋಡಿ ಔಷಧಿ ಶುರು ಮಾಡುವುದಿಲ್ಲ.

ಲಸಿಕೆ ಇಲ್ಲವಾ ಅಂತ ಕೇಳುವವರಿಗೆ ಒಂದು ಸಣ್ಣ ಕಥೆ. 1998ರಲ್ಲಿ ಲೈಮೆರಿಕ್ಸ್ ಅನ್ನುವ ಲಸಿಕೆ ಬಂದಿತ್ತು. ಲಸಿಕೆ ಹಾಕಿಸಿಕೊಂಡವರ ರಕ್ತದಲ್ಲಿನ ಆಂಟಿಬಾಡಿ, ಉಣುಗು ಆ ರಕ್ತ ಕುಡಿದಾಗ ಅದರ ಹೊಟ್ಟೆಗೇ ಹೋಗಿ ಅಲ್ಲಿಯೇ ಬ್ಯಾಕ್ಟೀರಿಯಾವನ್ನು ಕೊಲ್ಲುತ್ತಿತ್ತು! ಬೇಡಿಕೆ ಬಿದ್ದು 2002ರಲ್ಲಿ ಕಂಪನಿಯೇ ಮಾರುಕಟ್ಟೆಯಿಂದ ತೆಗೆಯಿತು.

ಇದನ್ನು ಓದುವ ಊರಿನವರಿಗೂ ಒಂದು ಮಾತು. ಲೈಮ್ ಹರಡುವುದು ಇಕ್ಸೋಡಿಸ್ ಅನ್ನುವ ಗುಂಪಿನ ಉಣುಗು. ನಮ್ಮ ದನದ ಕೊಟ್ಟಿಗೆಯ, ಬೀದಿ ನಾಯಿಯ ಮಾಮೂಲಿ ಉಣುಗು ಆ ಗುಂಪಿನದಲ್ಲ. ಭಾರತದಲ್ಲಿ ಲೈಮ್ ಅಲ್ಲೊಂದು ಇಲ್ಲೊಂದು ವರದಿಯಾಗಿದೆ. ನಾಯಿಯ ಮೈಯಲ್ಲಿ ಉಣುಗು ಕಂಡಿತು ಅಂತ ಓಡಿ ಹೋಗಿ ಲ್ಯಾಬಿನಲ್ಲಿ ಲೈಮ್ ಪರೀಕ್ಷೆ ಮಾಡಿಸಬೇಡಿ. ಕಾಯಿಲೆ ಅಪರೂಪವಾಗಿರುವ ಕಡೆ ಬರುವ ಪಾಸಿಟಿವ್‌ಗಳಲ್ಲಿ ಸುಳ್ಳೇ ಜಾಸ್ತಿ. ಮಲೆನಾಡಿನವರು ನೋಡಬೇಕಾದದ್ದು ಡಿಸೆಂಬರಿನಿಂದ ಮೇ ತನಕ ಕಾಡಿಗೆ ಹೋಗಿ ಬಂದ ಮೇಲಿನ ಜ್ವರ, ಹತ್ತಿರದಲ್ಲಿ ಮಂಗ ಸತ್ತ ಸುದ್ದಿ.

ಕೊನೆಯದಾಗಿ ನಿಮ್ಮದೇ ವಿಷಯ, ಅಮ್ಮ. ಮೊಮ್ಮಗನ ಮೈ ನೋಡುವ ಗಡಿಬಿಡಿಯಲ್ಲಿ ನಿಮ್ಮ ಮೈ ನೋಡಿಕೊಳ್ಳುವುದು ಮರೆಯಬೇಡಿ. ಹಿತ್ತಲಲ್ಲಿ ಕೊತ್ತಂಬರಿ, ಮೆಂತ್ಯ ಹಾಕಿ ಕೂತು ಕಳೆ ಕೀಳುವವರು ನೀವೇ ಅಲ್ವಾ? ಊರಿಗೆ ವಾಪಸ್ ಬಂದ ಮೇಲೆ ಜ್ವರ ಬಂದರೆ ನಮ್ಮ ಡಾಕ್ಟರುಗಳು ಡೆಂಗಿ, ಇಲಿ ಜ್ವರ, ಮಂಗನ ಕಾಯಿಲೆ ಅಂತ ಯೋಚಿಸುತ್ತಾರೆ. ಲೈಮ್ ಅವರ ಮನಸ್ಸಿಗೆ ಬರುವುದಿಲ್ಲ, ಅದು ಅವರ ತಪ್ಪೂ ಅಲ್ಲ. ಎಲ್ಲಿಗೆ ಹೋಗಿದ್ದಿರಿ, ಯಾವ ತಿಂಗಳಲ್ಲಿ, ಉಣುಗು ಕಚ್ಚಿತ್ತಾ ಅಂತ ಒಂದು ಚೀಟಿಯಲ್ಲಿ ಬರೆದು ಪಾಸ್‌ಪೋರ್ಟಿನ ಜೊತೆ ಇಟ್ಟುಕೊಂಡು ಬನ್ನಿ. ಜ್ವರ ಬಂದರೆ ಆ ಚೀಟಿಯನ್ನೇ ಡಾಕ್ಟರ್ ಕೈಗೆ ಕೊಡಿ.